ಒತ್ತು ಸರಿದಂತೆ ಧಾತು ಬದಲಾಗುವ ನುಡಿ

ಇಟಾಲಿಯನ್ ಭಾಷೆಯ ವ್ಯಾಕರಣ ಪುಸ್ತಕಗಳ ಕೊನೆಯ ಪುಟಗಳಲ್ಲಿ ಅನಿಯತ ಕ್ರಿಯಾಪದಗಳ ಉದ್ದನೆಯ ಪಟ್ಟಿಯೊಂದು ಇದ್ದೇ ಇರುತ್ತದೆ. ಕಲಿಯುವವರು ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡುವುದು ವಾಡಿಕೆ. 'ಹಿಡಿ' ಎಂಬ ಅರ್ಥದ ಕ್ರಿಯಾಪದವು 'ನಾನು ಹಿಡಿಯುತ್ತೇನೆ' ಎಂಬಲ್ಲಿ ತೆಂಗೊ ಆಗುತ್ತದೆ, 'ಅವನು ಹಿಡಿಯುತ್ತಾನೆ' ಎಂಬಲ್ಲಿ ತ್ಯೇನೆ ಆಗುತ್ತದೆ, 'ನೀವು ಹಿಡಿಯುತ್ತೀರಿ' ಎಂಬಲ್ಲಿ ತೆನೇತೆ ಆಗುತ್ತದೆ. ಮೂರು ರೂಪಗಳಲ್ಲಿ ಧಾತು ಮೂರು ವೇಷ ತೊಟ್ಟಿರುವುದನ್ನು ಕಂಡ ಹೊಸಬರು ಭಾಷೆಯ ಚಂಚಲತೆಯನ್ನು ದೂರುತ್ತಾರೆ. ಆದರೆ ಪದವು ಉಚ್ಚಾರಣೆಯಲ್ಲಿ ಎಲ್ಲೆಲ್ಲಿ ತುಂಡಾಗುತ್ತದೆ, ಆ ತುಂಡುಗಳಲ್ಲಿ ಯಾವುದರ ಮೇಲೆ ದನಿಯ ಭಾರ ಬೀಳುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ಅದೇ ಪಟ್ಟಿಯನ್ನು ಮತ್ತೊಮ್ಮೆ ಓದಿದರೆ, ಅನಿಯತವೆಂದು ಹಣೆಪಟ್ಟಿ ಹಚ್ಚಿಸಿಕೊಂಡ ರೂಪಗಳಲ್ಲಿ ಬಹುಪಾಲು ಒಂದು ಹಳೆಯ ಲೆಕ್ಕಕ್ಕೆ ನಿಷ್ಠವಾಗಿ ನಡೆದುಕೊಂಡಿರುವುದು ಕಾಣುತ್ತದೆ.

ದನಿಯ ಈ ಭಾರವನ್ನು ಭಾಷಾವಿಜ್ಞಾನದಲ್ಲಿ ಸ್ವರಾಘಾತ ಎನ್ನುತ್ತಾರೆ. ಇಲ್ಲಿ ಅದನ್ನು ಸರಳವಾಗಿ ಒತ್ತು ಎಂದು ಕರೆದರೂ, ವ್ಯಂಜನದ ಕೆಳಗೆ ಬರೆಯುವ ಕನ್ನಡದ ಒತ್ತಿಗೂ ಇದಕ್ಕೂ ಸಂಬಂಧವಿಲ್ಲ. ಕನ್ನಡದಲ್ಲಿ ಪದದ ಯಾವ ಭಾಗವನ್ನು ಬಲವಾಗಿ ನುಡಿದರೂ ಪದದ ಅರ್ಥ ಬದಲಾಗದು. ಇಟಾಲಿಯನ್ನಿನಲ್ಲಿ ಹಾಗಲ್ಲ. ಒತ್ತು ಬೀಳುವ ಅಕ್ಷರಕ್ಕೆ ಮೊದಲು ಮೇಲುಗಡೆ ಒಂದು ಸಣ್ಣ ಗೆರೆಯನ್ನೂ ಅಕ್ಷರಗಳ ನಡುವೆ ಅಡ್ಡಗೆರೆಯನ್ನೂ ಇಟ್ಟು ಬರೆಯುವುದಾದರೆ, ˈಕಾ-ಪಿ-ತ-ನೊ ಎಂದರೆ 'ಅವು ಸಂಭವಿಸುತ್ತವೆ', ಕ-ಪಿ-ˈತಾ-ನೊ ಎಂದರೆ ಹಡಗಿನ ಅಥವಾ ದಳದ ನಾಯಕ, ಕ-ಪಿ-ತ-ˈನೊ ಎಂದರೆ 'ಅವನು ನಾಯಕತ್ವ ವಹಿಸಿದನು'. ಹಾಗೆಯೇ ˈಪೆರ್-ದೊ-ನೊ ಎಂದರೆ 'ಅವರು ಕಳೆದುಕೊಳ್ಳುತ್ತಾರೆ', ಪೆರ್-ˈದೋ-ನೊ ಎಂದರೆ ಕ್ಷಮೆ. ˈಪರ್-ಲೊ ಎಂದರೆ 'ನಾನು ಮಾತಾಡುತ್ತೇನೆ', ಪರ್-ˈಲೊ ಎಂದರೆ 'ಅವನು ಮಾತಾಡಿದನು'. ಪುರುಷವೂ ಕಾಲವೂ ಒತ್ತಿನ ಒಂದು ಸರಿದಾಟದಲ್ಲಿ ಬದಲಾಗುತ್ತವೆ.

ಇಷ್ಟೆಲ್ಲ ಹೊರೆ ಹೊತ್ತ ಒತ್ತನ್ನು ಇಟಾಲಿಯನ್ ಬರವಣಿಗೆ ಬಹುಮಟ್ಟಿಗೆ ಗುರುತಿಸುವುದೇ ಇಲ್ಲ ಎಂಬುದು ವಿಚಿತ್ರ. ಒತ್ತು ಪದದ ಕೊನೆಯ ಅಕ್ಷರದ ಮೇಲೆ ಬಿದ್ದಾಗ ಮಾತ್ರ ಆ ಸ್ವರದ ನೆತ್ತಿಯ ಮೇಲೆ ಒಂದು ಓರೆಗೆರೆಯನ್ನು ಕಡ್ಡಾಯವಾಗಿ ಎಳೆಯಲಾಗುತ್ತದೆ. ಗೊಂದಲಕ್ಕೆ ಎಡೆಮಾಡುವ ಕೆಲವು ಏಕಾಕ್ಷರ ಪದಗಳಿಗೂ ಆ ಗೆರೆ ಸಲ್ಲುತ್ತದೆ. ಉಳಿದೆಡೆ ಓದುಗನೇ ಸಂದರ್ಭದಿಂದ ಊಹಿಸಿಕೊಳ್ಳಬೇಕು. ಒತ್ತು ಬಿದ್ದ ಅಕ್ಷರಗಳಲ್ಲಿ ಈ ಭಾಷೆ ಏಳು ಸ್ವರಗಳನ್ನು ಬೇರ್ಪಡಿಸುತ್ತದೆ, ಏಕೆಂದರೆ ಅಲ್ಲಿ ಎ ಮತ್ತು ಒ ಎರಡಕ್ಕೂ ಬಾಯಿ ಅಗಲಿಸಿ ನುಡಿಯುವ ಒಂದು, ಕಿರಿದುಮಾಡಿ ನುಡಿಯುವ ಇನ್ನೊಂದು ಎಂಬ ಭೇದವಿದೆ. ಒತ್ತಿಲ್ಲದ ಅಕ್ಷರಗಳಲ್ಲಿ ಆ ಭೇದ ಅಳಿದು ಐದೇ ಸ್ವರಗಳು ಉಳಿಯುತ್ತವೆ. 1524ರಲ್ಲಿ ಜಾನ್ ಜೋರ್ಜೊ ತ್ರಿಸ್ಸಿನೊ ಎಂಬ ಮಾನವತಾವಾದಿ ವಿದ್ವಾಂಸನು ಈ ಭೇದವನ್ನು ತೋರಿಸಲು ಗ್ರೀಕ್ ಲಿಪಿಯಿಂದ ಎಪ್ಸಿಲಾನ್ ಮತ್ತು ಒಮೇಗಾಗಳನ್ನು ಎರವಲು ತರಬೇಕೆಂದು ಸೂಚಿಸಿದ. ಮರುವರ್ಷ ಇನ್ನೊಬ್ಬ ವಿದ್ವಾಂಸ ಪಿಯೆತ್ರೊ ಬೆಂಬೊ ತನ್ನ ಗ್ರಂಥದಲ್ಲಿ ಹದಿನಾಲ್ಕನೆಯ ಶತಮಾನದ ಫ್ಲಾರೆನ್ಸಿನ ಸಾಹಿತ್ಯಭಾಷೆಯೇ ಮಾದರಿಯೆಂದು ಸಾರಿ ವಾದ ಗೆದ್ದ. ತ್ರಿಸ್ಸಿನೊನ ಗ್ರೀಕ್ ಅಕ್ಷರಗಳು ಬಳಕೆಗೆ ಬರಲಿಲ್ಲ. ಬಂದಿದ್ದರೆ ಇಂದು ನಿಘಂಟು ತೆರೆಯುವ ಶ್ರಮದಲ್ಲಿ ಅರ್ಧದಷ್ಟು ಉಳಿಯುತ್ತಿತ್ತು.

ವ್ಯಾಕರಣಕಾರರು ಮಾತ್ರ ಒತ್ತಿನ ಸ್ಥಾನಕ್ಕೆ ಸೊಗಸಾದ ಹೆಸರುಗಳನ್ನು ಇಟ್ಟುಕೊಂಡಿದ್ದಾರೆ. ಕೊನೆಯ ಅಕ್ಷರದ ಮೇಲೆ ಒತ್ತಿರುವ ಪದ ತ್ರೊಂಕ, ಅಂದರೆ ಕತ್ತರಿಸಿದ್ದು. ಕೊನೆಯಿಂದ ಎರಡನೆಯದರ ಮೇಲೆ ಇದ್ದರೆ ಪ್ಯಾನ, ಸಮತಟ್ಟಾದದ್ದು. ಮೂರನೆಯದರ ಮೇಲೆ ಇದ್ದರೆ ಸ್ದ್ರುಚ್ಚೊಲ, ಜಾರುವಂಥದ್ದು. ನಾಲ್ಕನೆಯದರ ಮೇಲೆ ಇದ್ದರೆ ಎರಡು ಪಟ್ಟು ಜಾರುವ ಬಿಸ್ದ್ರುಚ್ಚೊಲ. ಭಾಷೆಯ ಹೆಚ್ಚಿನ ಪದಗಳು ಸಮತಟ್ಟಿನವು. ಜಾರುವ ಪದಗಳ ದೊಡ್ಡ ಗುಂಪೊಂದು ಕ್ರಿಯಾಪದಗಳಲ್ಲಿ ಸಿಗುತ್ತದೆ. ಎರಡು ಪಟ್ಟು ಜಾರುವವಂತೂ ಬಹುತೇಕ ಕ್ರಿಯಾಪದಗಳೇ.

ಇಲ್ಲಿ ಅಕ್ಷರ ಎಂಬ ಮಾತನ್ನು ಲಿಪಿಯ ಚಿಹ್ನೆ ಎಂಬ ಅರ್ಥದಲ್ಲಿ ತೆಗೆದುಕೊಳ್ಳದೆ, ಒಂದು ಸ್ವರವನ್ನು ನಡುವಿಟ್ಟುಕೊಂಡು ಒಂದೇ ಬೀಸಿನಲ್ಲಿ ಹೊರಬರುವ ಉಚ್ಚಾರಣೆಯ ಘಟಕ ಎಂದು ತಿಳಿಯಬೇಕು. ಕನ್ನಡದ ಲಿಪಿ 'ಕರ್ಮ' ಎಂಬ ಪದವನ್ನು ಕ ಮತ್ತು ರ್ಮ ಎಂದು ಒಡೆಯುತ್ತದೆ, ಆದರೆ ಕಿವಿ ಅದನ್ನು ಕರ್-ಮ ಎಂದೇ ಕೇಳುತ್ತದೆ. ಒತ್ತಕ್ಷರದ ಹಿಂದಿನದು ಗುರು ಎಂದು ಛಂದಸ್ಸು ವಿಧಿಸಿರುವುದು ಕಿವಿಯ ಈ ಲೆಕ್ಕವನ್ನು ಮನ್ನಿಸಿಯೇ. ಇಟಾಲಿಯನ್ನಿನ ಅಕ್ಷರವಿಭಜನೆಯೂ ಇದೇ ಕಿವಿಯ ಲೆಕ್ಕ. ಎರಡು ಸ್ವರಗಳ ನಡುವಿನ ಒಂಟಿ ವ್ಯಂಜನ ಮುಂದಿನ ಸ್ವರಕ್ಕೆ ಸೇರುತ್ತದೆ. ದ್ವಿತ್ವವಿದ್ದರೆ ಅರ್ಧ ಹಿಂದಕ್ಕೆ, ಅರ್ಧ ಮುಂದಕ್ಕೆ. ರ, ಲ ಅಥವಾ ಅನುನಾಸಿಕದ ನಂತರ ಬೇರೆ ವ್ಯಂಜನ ಬಂದರೆ ಮೊದಲಿನದು ಹಿಂದಿನ ಅಕ್ಷರವನ್ನು ಮುಚ್ಚುತ್ತದೆ. ಆದರೆ ಸ್ಪರ್ಶವ್ಯಂಜನದ ನಂತರ ರ ಅಥವಾ ಲ ಬಂದರೆ ಎರಡೂ ಒಟ್ಟಾಗಿ ಮುಂದಕ್ಕೆ ಹೋಗುತ್ತವೆ, ಪುಸ್ತಕ ಎಂಬ ಅರ್ಥದ ˈಲೀ-ಬ್ರೊ ಎಂಬ ಪದದಲ್ಲಿರುವಂತೆ. ಹಳಗನ್ನಡ ಛಂದಸ್ಸಿನ ಶಿಥಿಲದ್ವಿತ್ವದಲ್ಲಿಯೂ ಕೆಲವು ಒತ್ತಕ್ಷರಗಳು ಹಿಂದಿನದನ್ನು ಗುರುವಾಗಿಸದೆ ಬಿಡುವುದನ್ನು ಬಲ್ಲ ಕನ್ನಡ ಓದುಗರಿಗೆ, ಕಾರಣ ಬೇರೆಯೇ ಆದರೂ, ಇಂಥ ವಿನಾಯಿತಿ ತೀರ ಅಪರಿಚಿತವಾಗಿ ತೋರದು.

ಸ್ವರದಲ್ಲಿ ಕೊನೆಗೊಳ್ಳುವ ಅಕ್ಷರ ತೆರೆದದ್ದು, ವ್ಯಂಜನದಲ್ಲಿ ಕೊನೆಗೊಳ್ಳುವುದು ಮುಚ್ಚಿದ್ದು. ಪದದ ಒಳಗಿನ ತೆರೆದ ಅಕ್ಷರದ ಮೇಲೆ ಒತ್ತು ಬಿದ್ದರೆ ಇಟಾಲಿಯನ್ನಿನಲ್ಲಿ ಸ್ವರ ತಾನಾಗಿ ದೀರ್ಘವಾಗುತ್ತದೆ, ಮುಚ್ಚಿದ್ದರ ಮೇಲೆ ಬಿದ್ದರೆ ಹ್ರಸ್ವವಾಗಿಯೇ ಉಳಿಯುತ್ತದೆ: ವಿಧಿ ಎಂಬ ಅರ್ಥದ ˈಫಾ-ತೊ, 'ಮಾಡಿದ' ಎಂಬ ಅರ್ಥದ ˈಫತ್-ತೊ. ಕನ್ನಡದಲ್ಲಿ ಮನ, ಮಾನ, ಮಣ್ಣು, ಕಾವ್ಯ ಎಂದು ಹ್ರಸ್ವದೀರ್ಘಗಳೂ ಒಂಟಿಜೋಡಿ ವ್ಯಂಜನಗಳೂ ಬೇಕಾದಂತೆ ಕೂಡಿಕೊಳ್ಳುತ್ತವೆ. ಇಟಾಲಿಯನ್ನಿನಲ್ಲಿ ಸ್ವರದ ಉದ್ದ ಸ್ವತಂತ್ರವಲ್ಲ, ಅದು ಒತ್ತು ಮತ್ತು ಅಕ್ಷರದ ಆಕಾರ ಎರಡೂ ಸೇರಿ ನಿರ್ಧರಿಸುವ ಸಂಗತಿ. ಇಟಾಲಿಯನ್ ಹೆಸರುಗಳನ್ನು ಕನ್ನಡದಲ್ಲಿ ಬರೆಯುವವರು ಎಲ್ಲಿ ದೀರ್ಘ ಹಾಕಬೇಕೆಂದು ತಡವರಿಸುವುದಕ್ಕೆ ಮೂಲವೂ ಇದೇ.

ಒತ್ತು ಪದದಲ್ಲಿ ಎಲ್ಲಿ ಬೀಳುತ್ತದೆಂಬ ಪ್ರಶ್ನೆಗೆ ಉತ್ತರ ಇಂದಿನ ಭಾಷೆಯಲ್ಲಿಲ್ಲ, ಅದರ ತಾಯಿಯಾದ ಲ್ಯಾಟಿನ್ನಿನಲ್ಲಿದೆ, ಮತ್ತು ಆ ಉತ್ತರ ಕನ್ನಡದ ಛಂದಸ್ಸು ಓದಿದವರಿಗೆ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ. ಮೂರು ಅಥವಾ ಹೆಚ್ಚು ಅಕ್ಷರಗಳ ಲ್ಯಾಟಿನ್ ಪದದ ಕೊನೆಯಿಂದ ಎರಡನೆಯ ಅಕ್ಷರ ಗುರುವಾಗಿದ್ದರೆ ಒತ್ತು ಅದರ ಮೇಲೆ. ಲಘುವಾಗಿದ್ದರೆ ಅದರ ಹಿಂದಿನದರ ಮೇಲೆ. ಗೆಳೆಯ ಎಂಬ ಅರ್ಥದ ಅ-ˈಮೀ-ಕುಸ್ ಎಂಬಲ್ಲಿ ನಡುವಿನದು ದೀರ್ಘವಾದ್ದರಿಂದ ಗುರು. ಗುರು ಎಂಬ ಅರ್ಥದ್ದೇ ಆದ ಮ-ˈಗಿಸ್-ತೆರ್ ಎಂಬಲ್ಲಿ ಅದು ವ್ಯಂಜನದಿಂದ ಮುಚ್ಚಿರುವುದರಿಂದ ಗುರು. 'ಅವರು ವಾಸಿಸುತ್ತಾರೆ' ಎಂಬ ಅರ್ಥದ ˈಹ-ಬಿ-ತಂತ್ ಎಂಬಲ್ಲಿ ಬಿ ಲಘುವಾದ್ದರಿಂದ ಒತ್ತು ಮೊದಲಿಗೆ ಹಾರುತ್ತದೆ. ಮುಂದೆ ಜನರ ಆಡುಮಾತಿನಲ್ಲಿ ಸ್ವರಗಳ ಮೂಲ ಹ್ರಸ್ವದೀರ್ಘ ಭೇದ ಅಳಿದುಹೋದರೂ ಒತ್ತು ಮಾತ್ರ ಬಹುಮಟ್ಟಿಗೆ ಇದ್ದಲ್ಲಿಯೇ ನಿಂತಿತು. ಲೆಕ್ಕ ಮರೆತುಹೋಗಿ ಉತ್ತರ ಮಾತ್ರ ನೆನಪಿನಲ್ಲಿ ಉಳಿದಂತೆ, ಇಟಾಲಿಯನ್ ಒತ್ತು ಕಾರಣ ಕಾಣದ, ಪದಕ್ಕೊಂದರಂತೆ ಕಲಿಯಬೇಕಾದ ವಸ್ತುವಾಯಿತು.

ಇದರ ಮೊದಲ ಪರಿಣಾಮ ಕ್ರಿಯಾಪದಗಳ ಗಣವಿಭಜನೆಯಲ್ಲಿಯೇ ಕಾಣುತ್ತದೆ. ಇಟಾಲಿಯನ್ ವ್ಯಾಕರಣ ಕ್ರಿಯಾಪದಗಳನ್ನು, 'ಮಾತಾಡುವುದು' ಎಂಬಂಥ ಅವುಗಳ ಭಾವರೂಪದ ಅಂತ್ಯದಿಂದ, ಆರೆ, ಎರೆ, ಈರೆ ಎಂಬ ಮೂರು ಗಣಗಳಾಗಿ ವಿಂಗಡಿಸುತ್ತದೆ. ಆದರೆ ನಡುವಿನ ಗಣ ಬರಹದಲ್ಲಿ ಒಂದು, ನಾಲಿಗೆಯಲ್ಲಿ ಎರಡು. ಲ್ಯಾಟಿನ್ನಿನಲ್ಲಿ ದೀರ್ಘ ಏ ಇದ್ದ 'ನೋಡು', 'ಹಿಡಿ' ಮುಂತಾದ ಧಾತುಗಳು ವೆ-ˈದೇ-ರೆ, ತೆ-ˈನೇ-ರೆ ಎಂದು ಪ್ರತ್ಯಯದ ಮೇಲೆ ಒತ್ತು ಪಡೆದರೆ, ಹ್ರಸ್ವ ಎ ಇದ್ದ 'ಓದು', 'ಬರೆ' ಮುಂತಾದವು ˈಲೆಜ್-ಜೆ-ರೆ, ˈಸ್ಕ್ರೀ-ವೆ-ರೆ ಎಂದು ಧಾತುವಿನ ಮೇಲೆಯೇ ಪಡೆಯುತ್ತವೆ. ಈ ಎರಡು ಬಣಗಳ ನಡುವೆ ಪಕ್ಷಾಂತರವೂ ನಡೆದಿದೆ: 'ಬೀಳು', 'ತಿಳಿ' ಎಂಬ ಅರ್ಥದವು ಲ್ಯಾಟಿನ್ನಿನಲ್ಲಿ ಧಾತುವಿನ ಮೇಲೆ ಒತ್ತು ಹೊತ್ತವಾದರೂ ಇಟಾಲಿಯನ್ನಿನಲ್ಲಿ ಕ-ˈದೇ-ರೆ, ಸ-ˈಪೇ-ರೆ ಆದವು, 'ನಗು', 'ಉತ್ತರಿಸು' ಎಂಬವು ತದ್ವಿರುದ್ಧ ದಿಕ್ಕಿಗೆ ನಡೆದು ˈರೀ-ದೆ-ರೆ, ರಿಸ್-ˈಪೊನ್-ದೆ-ರೆ ಆದವು.

ಈಗ ವರ್ತಮಾನಕಾಲದ ಆರು ರೂಪಗಳಿಗೆ ಬರಬಹುದು. 'ಮಾತಾಡು' ಎಂಬ ಅರ್ಥದ ಪರ್-ˈಲಾ-ರೆ ತೀರ ಸಾಧುವಾದ, ಎಲ್ಲ ಪುಸ್ತಕಗಳೂ ಮಾದರಿಯಾಗಿ ಕೊಡುವ ಕ್ರಿಯಾಪದ. 'ನಾನು', 'ನೀನು', 'ಅವನು' ಎಂಬ ಏಕವಚನದ ಮೂರಕ್ಕೆ ˈಪರ್-ಲೊ, ˈಪರ್-ಲಿ, ˈಪರ್-ಲ. 'ನಾವು' ಎಂಬುದಕ್ಕೆ ಪರ್-ˈಲ್ಯಾ-ಮೊ, 'ನೀವು' ಎಂಬುದಕ್ಕೆ ಪರ್-ˈಲಾ-ತೆ. 'ಅವರು' ಎಂಬುದಕ್ಕೆ ಮತ್ತೆ ˈಪರ್-ಲ-ನೊ. ಆರರಲ್ಲಿ ನಾಲ್ಕು ಧಾತುವಿನ ಮೇಲೆ, ಎರಡು ಪ್ರತ್ಯಯದ ಮೇಲೆ. ಏಕವಚನ ಮೂರು, ಬಹುವಚನ ಮೂರು ಎಂದು ನೇರ ಗೆರೆ ಎಳೆಯಲಾಗದೆ, ಬಹುವಚನದ ಪ್ರಥಮಪುರುಷ ಏಕವಚನಗಳ ಬಳಗಕ್ಕೆ ಸೇರಿಕೊಂಡಿರುವುದನ್ನು ಗಮನಿಸಬೇಕು, ಏಕೆಂದರೆ ಮುಂದಿನ ಎಲ್ಲ ಕಥೆಯೂ ಈ ವಕ್ರವಾದ ಗೆರೆಯದೇ.

ಒತ್ತು ಧಾತುವಿಗೂ ಪ್ರತ್ಯಯಕ್ಕೂ ನಡುವೆ ಓಡಾಡುವುದರಿಂದ ಧಾತುವಿನ ರೂಪವೇ ಬದಲಾಗುವುದು ಇಟಾಲಿಯನ್ನೂ ಸಂಸ್ಕೃತವೂ ಸೇರಿದ ಇಂಡೋ-ಯುರೋಪಿಯನ್ ಭಾಷಾಕುಟುಂಬದಲ್ಲಿ ಬಹು ಹಳೆಯ ಹವ್ಯಾಸ. ವೇದಭಾಷೆಯಲ್ಲಿ 'ಹೋಗುತ್ತಾನೆ' ಎಂಬ ಅರ್ಥದ 'ಏತಿ'ಯಲ್ಲಿ ಉದಾತ್ತಸ್ವರ ಧಾತುವಿನ ಮೇಲಿದ್ದು ಅದು ಗುಣವನ್ನು ಪಡೆದಿದೆ. 'ಹೋಗುತ್ತೇವೆ' ಎಂಬ ಅರ್ಥದ 'ಇಮಃ' ಎಂಬಲ್ಲಿ ಉದಾತ್ತ ಪ್ರತ್ಯಯಕ್ಕೆ ಸರಿದು ಧಾತು ಬರಿಯ ಇಕಾರವಾಗಿ ಕುಗ್ಗಿದೆ. 'ಅಸ್ತಿ' ಎಂಬುದರ ಅಕಾರ 'ಸಂತಿ'ಯಲ್ಲಿ ಮಾಯವಾಗುವುದೂ ಅದೇ ಬಗೆ. ಲ್ಯಾಟಿನ್ನಿನ ಎಸ್ತ್ ಮತ್ತು ಸುಂತ್, ಇಟಾಲಿಯನ್ನಿನ ಎ ಮತ್ತು ಸೋನೊ ಎಂಬವು ಆ ಜೋಡಿಯ ದಾಯಾದಿಗಳು. ಆದರೆ ಇಲ್ಲಿ ವಿವರಿಸುತ್ತಿರುವ ಇಟಾಲಿಯನ್ ಬದಲಾವಣೆ ಆ ಹಳೆಯದರ ಮುಂದುವರಿಕೆಯಲ್ಲ. ರೋಮ್ ಸಾಮ್ರಾಜ್ಯದ ಕೊನೆಗಾಲದ ನಂತರ ಹೊಸದಾಗಿ ಹುಟ್ಟಿದ್ದು.

ಅದು ಹೀಗೆ. ಲ್ಯಾಟಿನ್ನಿನ ಹ್ರಸ್ವ ಎ ಮತ್ತು ಹ್ರಸ್ವ ಒ ಎಂಬ ಸ್ವರಗಳು, ಒತ್ತು ಬಿದ್ದ ತೆರೆದ ಅಕ್ಷರದಲ್ಲಿದ್ದಾಗ, ಫ್ಲಾರೆನ್ಸ್ ಇರುವ ಟಸ್ಕನಿಯ ನಾಲಿಗೆಯಲ್ಲಿ ಯೇ ಮತ್ತು ವೋ ಎಂದು ಒಡೆದವು; ಒತ್ತು ಇಲ್ಲದಿದ್ದರೆ ಅಥವಾ ಅಕ್ಷರ ಮುಚ್ಚಿದ್ದರೆ ಒಡೆಯದೆ ಉಳಿದವು. ಈ ಎರಡೇ ಷರತ್ತುಗಳಿಂದ, ಆರಂಭದಲ್ಲಿ ಹೇಳಿದ 'ಹಿಡಿ' ಧಾತುವಿನ ಮೂರು ವೇಷಗಳೂ ಬಿಡಿಸಿಕೊಳ್ಳುತ್ತವೆ. ˈತೆನ್-ಗೊ ಎಂಬಲ್ಲಿ ಒತ್ತಿದೆ, ಆದರೆ ಅಕ್ಷರ ಮುಚ್ಚಿದೆ. ˈತ್ಯೇ-ನೆ ಎಂಬಲ್ಲಿ ಒತ್ತೂ ಇದೆ, ಅಕ್ಷರವೂ ತೆರೆದಿದೆ, ಆದ್ದರಿಂದ ಸ್ವರ ಒಡೆದಿದೆ. ತೆ-ˈನೇ-ತೆ ಎಂಬಲ್ಲಿ ಧಾತುವಿನ ಅಕ್ಷರ ತೆರೆದಿದ್ದರೂ ಒತ್ತು ಪ್ರತ್ಯಯಕ್ಕೆ ಸರಿದಿದೆ. 'ಬರು' ಎಂಬ ಅರ್ಥದ ˈವೆನ್-ಗೊ, ˈವ್ಯೇ-ನೆ, ವೆ-ˈನೀ-ತೆ ಎಂಬವೂ ಪಡಿಯಚ್ಚಿನಂತೆ ಇವನ್ನೇ ಹೋಲುತ್ತವೆ. 'ಸಾಯುತ್ತಾನೆ' ಎಂಬುದು ˈಮ್ವೋ-ರೆ, 'ಸಾಯುತ್ತೀರಿ' ಎಂಬುದು ಮೊ-ˈರೀ-ತೆ, 'ಸತ್ತ' ಎಂಬುದು ˈಮೊರ್-ತೊ. 'ನನಗೆ ಸಾಧ್ಯ' ಎಂಬುದು ˈಪೊಸ್-ಸೊ, 'ಅವನಿಗೆ ಸಾಧ್ಯ' ಎಂಬುದು ˈಪ್ವೊ, 'ನಿಮಗೆ ಸಾಧ್ಯ' ಎಂಬುದು ಪೊ-ˈತೇ-ತೆ. ನಾಮಪದಗಳಲ್ಲಿಯೂ ಇದೇ ಕೈವಾಡ: ಹೊಸದು ಎಂಬ ಅರ್ಥದ ˈನ್ವೋ-ವೊ ಪದದಿಂದ ಹೊಸತನ ಎಂಬ ಅರ್ಥದ ನೊ-ವಿ-ˈತ, ಒಳ್ಳೆಯದು ಎಂಬ ಅರ್ಥದ ˈಬ್ವೋ-ನೊ ಪದದಿಂದ ಒಳ್ಳೆತನ ಎಂಬ ಅರ್ಥದ ಬೊನ್-ˈತ.

ಈ ಒಡೆಯುವ ಸ್ವರ ಅಕ್ಷರವಿಭಜನೆಯ ಬಗೆಗಿನ ವಾದಗಳಲ್ಲಿ ಸಾಕ್ಷಿಯಾಗಿ ನಿಲ್ಲಬಲ್ಲದು ಎಂಬುದು ವಿದ್ವಾಂಸರಿಗೆ ಹೆಚ್ಚು ರುಚಿಸಿರುವ ಸಂಗತಿ. ಇಟಾಲಿಯನ್ ಶಾಲೆಗಳಲ್ಲಿ, ಸಾಲಿನ ಕೊನೆಯಲ್ಲಿ ಪದ ಮುರಿಯುವಾಗ, ಸಕಾರವನ್ನು ಅದರ ಮುಂದಿನ ವ್ಯಂಜನದಿಂದ ಬೇರ್ಪಡಿಸಬಾರದೆಂದು ಕಲಿಸುತ್ತಾರೆ. ಹಬ್ಬ ಎಂಬ ಅರ್ಥದ ಪದವನ್ನು ಫೆ-ಸ್ತ ಎಂದು ಮುರಿಯಬೇಕೇ ಹೊರತು ಫೆಸ್-ತ ಎಂದಲ್ಲ. ಹಾಗಾದರೆ ಅಲ್ಲಿನ ಮೊದಲ ಅಕ್ಷರ ತೆರೆದದ್ದೆಂದಾಯಿತು, ಆಡುಮಾತಿನ ಲ್ಯಾಟಿನ್ನಿನಲ್ಲಿ ಅದು ಹ್ರಸ್ವ ಎಕಾರವೇ ಆದ್ದರಿಂದ ಫ್ಯೇಸ್ತ ಎಂದು ಒಡೆಯಬೇಕಿತ್ತು. ಒಡೆದಿಲ್ಲ. ಮುಚ್ಚಿದ ಅಕ್ಷರದಲ್ಲಿಯೂ ಸ್ವರ ಒಡೆಯುವ ಸ್ಪ್ಯಾನಿಷ್ ಭಾಷೆಯಲ್ಲಿ ಮಾತ್ರ ಅದು ಫಿಯೆಸ್ತ ಆಗಿದೆ. ಕಲ್ಲು ಎಂಬ ಅರ್ಥದ ಲ್ಯಾಟಿನ್ ಪೆತ್ರ ಇಟಾಲಿಯನ್ನಿನಲ್ಲಿ ˈಪ್ಯೇ-ತ್ರ ಎಂದು ಒಡೆದಿರುವುದರಿಂದ, ಸ್ತ ಮತ್ತು ತ್ರ ಎರಡೂ ಬರಹದಲ್ಲಿ ಒಂದೇ ಬಗೆಯಾಗಿ ಮುಂದಕ್ಕೆ ಹೋದರೂ ಕಿವಿಯ ಲೆಕ್ಕದಲ್ಲಿ ಮೊದಲಿನದು ಹಿಂದಿನ ಅಕ್ಷರವನ್ನು ಮುಚ್ಚುತ್ತದೆ, ಎರಡನೆಯದು ಮುಚ್ಚುವುದಿಲ್ಲ ಎಂದು ತೀರ್ಮಾನಿಸಬೇಕಾಗುತ್ತದೆ. ಶಾಲೆಯ ನಿಯಮ ಕಾಗದಕ್ಕೆ ಸಂಬಂಧಿಸಿದ್ದು, ನಾಲಿಗೆಗಲ್ಲ. ಎಲೆ ಎಂಬ ಅರ್ಥದ ಫೊಲ್ಯ ಎಂಬಲ್ಲಿಯೂ ಸ್ವರ ಒಡೆಯದಿರುವುದಕ್ಕೆ ಕಾರಣ, ಬರಹದಲ್ಲಿ ಒಂಟಿಯಂತೆ ಕಾಣುವ ಆ ತಾಲವ್ಯ ಲಕಾರ ಉಚ್ಚಾರಣೆಯಲ್ಲಿ ದ್ವಿತ್ವವಾಗಿರುವುದು. ಅಪವಾದಗಳು ಇಲ್ಲವೆಂದಲ್ಲ: ಚೆನ್ನಾಗಿ ಎಂಬ ಅರ್ಥದ ˈಬೇ-ನೆ ಎಂಬ ಪದ ಎಲ್ಲ ಷರತ್ತುಗಳನ್ನು ಪೂರೈಸಿಯೂ ಒಡೆದಿಲ್ಲ. ಕನ್ನಡದ ಬೇನೆಗೂ ಅದಕ್ಕೂ ನಂಟಿಲ್ಲವಾದರೂ, ನಿಯಮ ಕಟ್ಟುವವರಿಗೆ ಅದು ಚಿಕ್ಕದೊಂದು ಬೇನೆಯೇ.

ಒಂದೇ ಧಾತು ಎರಡು ರೂಪಗಳಲ್ಲಿ ಓಡಾಡುವುದು ಮಾತಾಡುವವರಿಗೆ ಹೊರೆ. ಆದ್ದರಿಂದ ಎಷ್ಟೋ ಕ್ರಿಯಾಪದಗಳಲ್ಲಿ ಒಂದು ರೂಪ ಇನ್ನೊಂದನ್ನು ನುಂಗಿಹಾಕಿತು. 'ದನಿಗೈ, ನುಡಿಸು' ಎಂಬ ಅರ್ಥದ್ದು ಮೊದಲು 'ನುಡಿಸುತ್ತಾನೆ' ಎಂಬಲ್ಲಿ ˈಸ್ವೋ-ನ, 'ನುಡಿಸುವುದು' ಎಂಬಲ್ಲಿ ಸೊ-ˈನಾ-ರೆ ಎಂದಿತ್ತು. ಈಗ ಎಲ್ಲೆಡೆ ಸ್ವೊ-. 'ಆಡು' ಎಂಬ ಅರ್ಥದಲ್ಲಿ ಗೆದ್ದದ್ದು ಒತ್ತಿಲ್ಲದ ರೂಪ: ಹಳೆಯ ˈಜ್ವೋ-ಕೊ ಹೋಗಿ ಇಂದು ˈಜೋ-ಕೊ ಎನ್ನುತ್ತಾರೆ. ಯಾವುದು ಗೆಲ್ಲಬೇಕೆಂದು ಮುಂಚೆಯೇ ಹೇಳುವ ಸೂತ್ರ ಇಲ್ಲ. ತೀರ ಹೆಚ್ಚು ಬಳಕೆಯಾಗುವ ಬರು, ಹಿಡಿ, ಸಾಯು ಮುಂತಾದವು ಮಾತ್ರ ಹಳೆಯ ಓಡಾಟವನ್ನು ಬಿಟ್ಟಿಲ್ಲ. ಕನ್ನಡದಲ್ಲಿಯೂ ಬರು, ಬಂದ, ಬಾ ಎಂಬ ಒರಟು ರೂಪಗಳನ್ನು ಉಳಿಸಿಕೊಂಡಿರುವುದು ದಿನಕ್ಕೆ ನೂರು ಬಾರಿ ನಾಲಿಗೆಗೆ ಬರುವ ಧಾತುವೇ.

ಒತ್ತಿನ ವಕ್ರಗೆರೆ ಬೇರೆ ಸ್ವರಗಳನ್ನೂ ಕಾಡಿದೆ. 'ಕೇಳಿಸಿಕೊಳ್ಳು' ಎಂಬ ಅರ್ಥದ ಲ್ಯಾಟಿನ್ ಧಾತುವಿನ ಔಕಾರ ಒತ್ತಿದ್ದಲ್ಲಿ ಒ ಆಯಿತು, ಇಲ್ಲದಲ್ಲಿ ಉ ಆಯಿತು: ˈಓ-ದೊ ಎಂದರೆ 'ನಾನು ಕೇಳುತ್ತೇನೆ', ಉ-ˈದೀ-ತೆ ಎಂದರೆ 'ನೀವು ಕೇಳುತ್ತೀರಿ'. 'ಹೊರಗೆ ಹೋಗು' ಎಂಬುದರಲ್ಲಿ ˈಎಸ್-ಕೊ ಎಂಬ ಉತ್ತಮಪುರುಷಕ್ಕೆ ಎದುರಾಗಿ 'ನೀವು' ಎಂಬುದರ ರೂಪ ಉಕಾರದಿಂದ ಆರಂಭವಾಗುತ್ತದೆ. ಬಾಗಿಲು ಎಂಬ ಅರ್ಥದ ಪದ ಉಕಾರದಿಂದ ಆರಂಭವಾಗುತ್ತಿದ್ದುದರಿಂದ ಅದರ ನೆರಳು ಒತ್ತಿಲ್ಲದ ರೂಪಗಳ ಮೇಲೆ ಬಿದ್ದಿತೆಂದು ವಿವರಿಸುತ್ತಾರೆ. 'ಹೋಗು' ಎಂಬುದರಲ್ಲಂತೂ ಎರಡು ಬೇರೆ ಬೇರೆ ಧಾತುಗಳೇ ಈ ಗೆರೆಯ ಆಚೆ ಈಚೆ ಮನೆ ಮಾಡಿಕೊಂಡಿವೆ: ˈವಾ-ದೊ, ˈವಾಯ್, ˈವ, ˈವನ್-ನೊ ಎಂಬ ನಾಲ್ಕು ಒಂದು ಕಡೆ, ಅನ್-ˈದ್ಯಾ-ಮೊ, ಅನ್-ˈದಾ-ತೆ ಎಂಬ ಎರಡು ಇನ್ನೊಂದು ಕಡೆ. ಸದ್ದುಗಳ ಬದಲಾವಣೆಯಿಂದ ಇದು ಹುಟ್ಟಿರಲಾರದು, ಏಕೆಂದರೆ ಒಂದು ಧಾತು ಸವೆದು ಇನ್ನೊಂದಾಗಿಲ್ಲ.

ಈರೆ ಗಣದ ಬಹುಪಾಲು ಕ್ರಿಯಾಪದಗಳು ಕಂಡುಕೊಂಡ ದಾರಿ ಎಲ್ಲಕ್ಕಿಂತ ಜಾಣತನದ್ದು. ಲ್ಯಾಟಿನ್ನಿನಲ್ಲಿ ಕ್ರಿಯೆಯ ಆರಂಭವನ್ನು ಸೂಚಿಸಲು ಧಾತು ಪ್ರತ್ಯಯಗಳ ನಡುವೆ ಬರುತ್ತಿದ್ದ ಸ್ಕ ಎಂಬ ಮಧ್ಯಪ್ರತ್ಯಯ ತನ್ನ ಅರ್ಥ ಕಳೆದುಕೊಂಡು, ಧಾತುವಿನ ಮೇಲೆ ಒತ್ತು ಬೀಳಬೇಕಾದ ಅದೇ ನಾಲ್ಕು ಸ್ಥಾನಗಳಲ್ಲಿ ಮಾತ್ರ ತಳವೂರಿತು. 'ಮುಗಿಸು' ಎಂಬುದಕ್ಕೆ ಫಿ-ˈನಿಸ್-ಕೊ, ಫಿ-ˈನಿಸ್-ಕೊ-ನೊ. ಆದರೆ 'ನಾವು', 'ನೀವು' ಎಂಬಲ್ಲಿ ಅದಿಲ್ಲದೆ ಫಿ-ˈನ್ಯಾ-ಮೊ, ಫಿ-ˈನೀ-ತೆ. ಪರಿಣಾಮವಾಗಿ ಧಾತು ಎಲ್ಲಿಯೂ ಒತ್ತನ್ನು ಹೊರುವುದಿಲ್ಲ, ಆದ್ದರಿಂದ ಎಲ್ಲಿಯೂ ರೂಪ ಬದಲಿಸುವುದಿಲ್ಲ. ಆಕ್ಸ್‌ಫರ್ಡಿನ ಭಾಷಾವಿಜ್ಞಾನಿ ಮಾರ್ಟಿನ್ ಮೇಡನ್, 2018ರಲ್ಲಿ ಲ್ಯಾಟಿನ್ನಿನಿಂದ ಹುಟ್ಟಿದ ರೊಮಾನ್ಸ್ ಭಾಷೆಗಳ ಕ್ರಿಯಾಪದವನ್ನು ಕುರಿತು ಹೊರತಂದ ಗ್ರಂಥವೂ ಸೇರಿದಂತೆ ತಮ್ಮ ಬರಹಗಳಲ್ಲಿ, ನಾಲ್ಕು-ಎರಡರ ಈ ವಿನ್ಯಾಸ ಒತ್ತಿನಿಂದ ಹುಟ್ಟಿದರೂ ಮುಂದೆ ಒತ್ತಿನ ಹಂಗಿಲ್ಲದೆ, ಅರ್ಥದ ಹಂಗೂ ಇಲ್ಲದೆ, ವ್ಯಾಕರಣದಲ್ಲಿ ತಾನೇ ಒಂದು ಅಚ್ಚಾಗಿ ನಿಂತಿದೆ ಎಂದು ವಾದಿಸಿದ್ದಾರೆ. ಒತ್ತು ಇಂದಿಗೂ ಅದರ ಹಿಂದೆ ಕೆಲಸ ಮಾಡುತ್ತಿದೆ ಎನ್ನುವವರೂ ಇದ್ದಾರೆ. 'ಹೋಗು' ಧಾತುವಿನ ಕಥೆ ಮೇಡನ್ ಅವರ ಪಕ್ಷಕ್ಕೆ ಹೆಚ್ಚು ಒಲಿಯುವಂತೆ ತೋರುತ್ತದೆ.

ಧಾತುವಿನಲ್ಲಿ ಎರಡು ಮೂರು ಅಕ್ಷರಗಳಿದ್ದಾಗ ಒತ್ತು ಅವುಗಳಲ್ಲಿ ಯಾವುದರ ಮೇಲೆ ಎಂಬ ತೊಡಕು ಬರುತ್ತದೆ. ಲ್ಯಾಟಿನ್ನಿನ ˈಹ-ಬಿ-ತಂತ್ ಕೊನೆಯ ವ್ಯಂಜನವನ್ನು ಕಳೆದುಕೊಂಡು ತುದಿಗೆ ಒಂದು ಸ್ವರವನ್ನು ಅಂಟಿಸಿಕೊಂಡು ˈಆ-ಬಿ-ತ-ನೊ ಆದಾಗ, ಒತ್ತು ಕದಲದೆ ನಿಂತ ಕಾರಣ ಅದು ಕೊನೆಯಿಂದ ನಾಲ್ಕನೆಯದಾಯಿತು. ಎರಡು ಪಟ್ಟು ಜಾರುವ ಪದಗಳ ಹುಟ್ಟು ಹೀಗೆ. ನಾಮಪದದಿಂದ ಹುಟ್ಟಿದ ಕ್ರಿಯಾಪದ ಸಾಮಾನ್ಯವಾಗಿ ನಾಮಪದದ ಒತ್ತನ್ನೇ ಹೊರುತ್ತದೆ: ತೆ-ˈಲೇ-ಫೊ-ನೊ ಎಂದರೆ ಟೆಲಿಫೋನ್, 'ನಾನು ಫೋನ್ ಮಾಡುತ್ತೇನೆ' ಎಂಬುದೂ ಹೌದು, 'ಅವರು ಫೋನ್ ಮಾಡುತ್ತಾರೆ' ಎಂಬುದು ತೆ-ˈಲೇ-ಫೊ-ನ-ನೊ. ನಾಣ್ಯವ್ಯವಸ್ಥೆ ಎಂಬ ಅರ್ಥದ ವ-ˈಲೂ-ತ ಪದದಿಂದ ಬಂದ 'ಬೆಲೆಗಟ್ಟುತ್ತೇನೆ' ಎಂಬುದು ವ-ˈಲೂ-ತೊ ಆಗಬೇಕು, ಆದರೂ ಮೊದಲ ಅಕ್ಷರವನ್ನು ಒತ್ತುವವರು ಕಡಿಮೆಯಿಲ್ಲ. ಕ್ರಿಯಾಪದದ ಬಾಲಕ್ಕೆ ಸರ್ವನಾಮಗಳು ಅಂಟಿದರೂ ಒತ್ತು ಕದಲುವುದಿಲ್ಲವಾದ್ದರಿಂದ, 'ಅದನ್ನು ನನಗೆ ತರಿಸಿಕೊಡು' ಎಂಬ ಒಂದೇ ಪದದ ˈಒರ್-ದಿ-ನ-ಮೆ-ಲೊ ಎಂಬಲ್ಲಿ ಅದು ಐದನೆಯ ಅಕ್ಷರಕ್ಕೆ ಹಿಂದುಳಿಯುತ್ತದೆ. ಕಾಗುಣಿತವೂ ಕೆಲವೆಡೆ ಒತ್ತನ್ನೇ ಅನುಸರಿಸುತ್ತದೆ. ಇನ್-ˈವೀ-ಒ, 'ನಾನು ಕಳಿಸುತ್ತೇನೆ', ಎಂಬಲ್ಲಿ ಇಕಾರದ ಮೇಲೆ ಒತ್ತಿರುವುದರಿಂದ 'ನೀನು ಕಳಿಸುತ್ತೀಯೆ' ಎಂಬುದನ್ನು ಎರಡು ಇಕಾರ ಹಾಕಿ ಬರೆಯಬೇಕು. ˈಸ್ತೂ-ದ್ಯೊ, 'ನಾನು ಅಭ್ಯಾಸ ಮಾಡುತ್ತೇನೆ', ಎಂಬಲ್ಲಿ ಆ ಇಕಾರ ಒತ್ತಿಲ್ಲದೆ ಯಕಾರವಾಗಿ ಕರಗಿರುವುದರಿಂದ ಒಂದೇ ಇಕಾರ ಸಾಕು.

ಭವಿಷ್ಯತ್ಕಾಲದಲ್ಲಿ ಧಾತು ಯಾವಾಗಲೂ ಒತ್ತಿನಿಂದ ದೂರ. ಅದು ಮೂಲದಲ್ಲಿ ಭಾವರೂಪಕ್ಕೆ 'ಹೊಂದಿದ್ದೇನೆ' ಎಂಬ ಸಹಾಯಕ ಕ್ರಿಯೆ ಬೆಸೆದು ಆದದ್ದು, 'ಮಾತಾಡಲಿಕ್ಕಿದೆ' ಎಂಬಂತೆ; ಒತ್ತು ಆ ಸಹಾಯಕದ ಮೇಲೆ ಬಿದ್ದು, ಪರ್-ˈಲಾ-ರೆಯ ಆಕಾರ ಬಲ ಕಳೆದುಕೊಂಡು ಪರ್-ಲೆ-ˈರೊ ಆಯಿತು. ಇಲ್ಲಿ ಅ ಎಂಬುದು ಎ ಆಗುವುದು ಫ್ಲಾರೆನ್ಸಿನ ಗುರುತು. ನೆರೆಯ ಸಿಯೆನಾದ ಹಳೆಯ ಮಾತಿನಲ್ಲಿ ಅದು ಅ ಆಗಿಯೇ ಉಳಿದಿತ್ತು. ಕೆಲವೆಡೆ ಒತ್ತಿಲ್ಲದ ಸ್ವರ ಪೂರ್ತಿ ಉದುರಿ ಅತ್ತಿತ್ತಲ ವ್ಯಂಜನಗಳು ಡಿಕ್ಕಿ ಹೊಡೆದವು: ವೆ-ˈದೇ-ರೆಯಿಂದ ವೆ-ˈದ್ರೊ, ವೆ-ˈನೀ-ರೆಯಿಂದ ನಕಾರ ರಕಾರದಲ್ಲಿ ಲೀನವಾಗಿ ವೆರ್-ˈರೊ. ಭೂತಕಾಲದ 'ಬರೆದೆನು' ಮಾದರಿಯಲ್ಲಿ ಗೆರೆ ಇನ್ನೊಂದು ಬಗೆಯದು; ˈಸ್ಕ್ರಿಸ್-ಸಿ ಎಂದು ಧಾತು ಬದಲಾಗುವ ಮೂರು ರೂಪಗಳಲ್ಲಿ ಒತ್ತು ಧಾತುವಿನ ಮೇಲೆ, ಸ್ಕ್ರಿ-ˈವೆಸ್-ತಿ ಎಂದು ಬದಲಾಗದ ಮೂರರಲ್ಲಿ ಪ್ರತ್ಯಯದ ಮೇಲೆ.

ಫ್ಲಾರೆನ್ಸಿನ ಮಗುವಿಗೆ ಇದೆಲ್ಲ ತಾಯಿಹಾಲಿನೊಂದಿಗೆ ಬರುತ್ತಿತ್ತು, ಉಳಿದವರಿಗೆ ಹಾಗಿರಲಿಲ್ಲ. 1861ರಲ್ಲಿ ಇಟಲಿ ಒಂದು ರಾಜ್ಯವಾದಾಗ ಈ ಭಾಷೆಯನ್ನು ಆಡಬಲ್ಲವರು ಜನಸಂಖ್ಯೆಯ ಶೇಕಡ 2.5ರಷ್ಟು ಎಂದು ಭಾಷಾವಿಜ್ಞಾನಿ ತುಲ್ಲಿಯೊ ದೆ ಮೌರೊ 1963ರಲ್ಲಿ ಅಂದಾಜು ಮಾಡಿದರು. ಟಸ್ಕನಿಯ ಬಹುತೇಕ ಎಲ್ಲರನ್ನೂ ಎಣಿಸಬೇಕೆಂದ ಇನ್ನೊಬ್ಬ ಭಾಷಾವಿಜ್ಞಾನಿ ಅರ್ರೀಗೊ ಕಸ್ತೆಲ್ಲಾನಿ 1982ರಲ್ಲಿ ಅದನ್ನು ಶೇಕಡ 10ರ ಸಮೀಪಕ್ಕೆ ಏರಿಸಿದರು. ಯಾವ ಅಂಕಿಯನ್ನು ಒಪ್ಪಿದರೂ, ಬಹುಪಾಲು ಇಟಾಲಿಯನ್ನರು ತಮ್ಮ ರಾಷ್ಟ್ರಭಾಷೆಯನ್ನು ಪುಸ್ತಕದಿಂದ ಕಲಿತರು, ಮತ್ತು ಆ ಪುಸ್ತಕ ಒತ್ತನ್ನು ಗುರುತಿಸಿರಲಿಲ್ಲ. 1954ರಲ್ಲಿ ದೂರದರ್ಶನ ಪ್ರಸಾರ ಆರಂಭಿಸಿದ ರಾಷ್ಟ್ರೀಯ ಪ್ರಸಾರ ಸಂಸ್ಥೆ ರಾಯ್‌ನ ಪ್ರಕಾಶನ ವಿಭಾಗ, ಬ್ರೂನೊ ಮಿಲ್ಯೊರೀನಿ, ಕಾರ್ಲೊ ತಲ್ಯವೀನಿ, ಪ್ಯೇರೊ ಫ್ಯೊರೆಲ್ಲಿ ಎಂಬ ಮೂವರು ವಿದ್ವಾಂಸರಿಂದ ಸಿದ್ಧಪಡಿಸಿದ ಕಾಗುಣಿತ ಮತ್ತು ಉಚ್ಚಾರಣೆಯ ನಿಘಂಟನ್ನು 1969ರಲ್ಲಿ ಹೊರತರಬೇಕಾಗಿ ಬಂದದ್ದು ಇದರಿಂದಲೇ.

ಮನವೊಲಿಸು ಎಂಬ ಅರ್ಥದ ಪೆರ್-ಸ್ವ-ˈದೇ-ರೆ ಎಂಬ ಕ್ರಿಯಾಪದವನ್ನು ಇಂದು ಅನೇಕರು ಪೆರ್-ˈಸ್ವಾ-ದೆ-ರೆ ಎನ್ನುತ್ತಾರೆ. ಲ್ಯಾಟಿನ್ನಿನ ದೀರ್ಘ ಏಕಾರವನ್ನು ಮರೆತ ತಪ್ಪು ಉಚ್ಚಾರಣೆ ಅದೆಂದು ನಿಘಂಟುಗಳು ಎಚ್ಚರಿಸುತ್ತವೆ. ನಗು ಎಂಬ ಅರ್ಥದ ಧಾತುವಿನಲ್ಲಿಯೂ ಅಂಥದೇ ದೀರ್ಘ ಏಕಾರವಿತ್ತು, ಅದನ್ನೂ ಜನ ಅದೇ ಬಗೆಯಲ್ಲಿ ಮರೆತು ಒತ್ತನ್ನು ಧಾತುವಿಗೆ ಎಳೆದುತಂದರು. ಅದು ನಿಘಂಟುಗಳು ಹುಟ್ಟುವುದಕ್ಕೆ ಬಹಳ ಮುಂಚೆ ನಡೆದದ್ದರಿಂದ ˈರೀ-ದೆ-ರೆ ಇಂದು ಶುದ್ಧ ರೂಪ.